ಸಿಲಿಂಡರ್ ಬಿಸಾಡುವ ಮುನ್ನ

ಕಳೆದ ಆಗಸ್ಟ್‌ನ ಒಂದು ಸಂಜೆ. ಚಾಕಣದ ಕಾರ್ಖಾನೆಯಿಂದ ಕಂಪನಿ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದೆ. ನಾಸಿಕ್ ಹೆದ್ದಾರಿಯಲ್ಲಿ ಎಂದಿನಂತೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಆಗ ತೀರ್ಥಹಳ್ಳಿ ಸಮೀಪದ ನಮ್ಮೂರಿನಿಂದ ದೊಡ್ಡಪ್ಪನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ಅಂಗೈ ಮೇಲೊಂದು ಪಿಸ್ಟನ್. ಅದರ ಒಂದು ಮಗ್ಗುಲು ಬೆಕ್ಕು ಪರಚಿದ ಹಾಗೆ ಉದ್ದಕ್ಕೆ ಕೆರೆದುಹೋಗಿತ್ತು. ಕೆಳಗೆ ಒಂದೇ ಸಾಲು: ‘ಮಿಷನ್ ಸೀಜ್ ಆಯ್ತು. ಎಂತ ಮಾಡದು ಮಾರಾಯ?’

ಮಿಷನ್ ಅಂದರೆ ಚೈನ್ ಸಾ, ಮರ ಕೊಯ್ಯುವ ಪೆಟ್ರೋಲ್ ಗರಗಸ. ಅಣ್ಣನಿಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಐದಾರು ವರ್ಷಗಳಿಂದ ಆ ಗರಗಸವೇ ಮನೆಯ ಎರಡನೇ ಸಂಪಾದನೆ. ತೋಟದ ಅಂಚಿನ ಸಿಲ್ವರ್ ಓಕ್ ಇಳಿಸಲು, ಬೇಣದ ಅಕೇಶಿಯಾ ಕಡಿಯಲು, ಮಳೆಗಾಲದಲ್ಲಿ ರಸ್ತೆಗೆ ಅಡ್ಡ ಬಿದ್ದ ಮರ ತುಂಡು ಮಾಡಲು ಸುತ್ತಿನ ನಾಲ್ಕು ಊರಿನವರು ಅವನನ್ನೇ ಕರೆಯುತ್ತಾರೆ.

ಫೋನ್ ಮಾಡಿದೆ. ಪಟ್ಟಣದ ಮೆಕ್ಯಾನಿಕ್ ಸಿಲಿಂಡರ್, ಪಿಸ್ಟನ್ ಎರಡೂ ಹೋಗಿವೆ, ಹೊಸ ಸೆಟ್ಟೇ ಹಾಕಬೇಕು ಅಂದಿದ್ದನಂತೆ. ಹೇಳಿದ ಬೆಲೆ ಅಣ್ಣನ ಹತ್ತು ಹನ್ನೆರಡು ದಿನದ ದುಡಿಮೆ. ಇನ್ನೊಂದು ಅಂಗಡಿಯವನು ಅದರ ಕಾಲುಭಾಗದ ಬೆಲೆಗೆ ಡುಪ್ಲಿಕೇಟ್ ಸೆಟ್ ಇದೆ ಅಂದನಂತೆ. ಮೂರನೆಯವನು, ‘ಸಿಲಿಂಡರ್ ಉಜ್ಜಿ ಹಾಕಿದ್ರೆ ನಡೀತದೆ, ಪಿಸ್ಟನ್ ಒಂದೇ ಬದಲಿಸಿ’ ಅಂದನಂತೆ.

‘ನೀನು ಅದೇ ಕೆಲ್ಸದಲ್ಲಿ ಇದ್ದೀಯಲ್ಲ, ನೀನೇ ಹೇಳು’ ಎಂದ ಅಣ್ಣ. ಆಮೇಲೆ ದನಿ ತಗ್ಗಿಸಿ ಹೇಳಿದ: ‘ಇದೆಲ್ಲ ಆ ಹುಡುಗನಿಂದ ಆಗಿದ್ದು. ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕ್ಯಾನೆ. ಕೇಳಿದ್ರೆ ಇಲ್ಲ ಅಂತಾನೆ.’

ಹುಡುಗ ಅಂದರೆ ಅವನ ಮಗ. ಹತ್ತೊಂಬತ್ತು ವರ್ಷ, ಐಟಿಐ ಓದುತ್ತಾನೆ, ರಜೆಯಲ್ಲಿ ಅಪ್ಪನ ಜೊತೆ ಮರದ ಕೆಲಸಕ್ಕೆ ಹೋಗುತ್ತಾನೆ.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇಂಥ ಫೋನ್ ಹೊಸದಲ್ಲ. ಮೋಟರ್ ಸುಟ್ಟರೂ ಫ್ರಿಜ್ ಕೆಟ್ಟರೂ ‘ನೀನು ಎಂಜಿನಿಯರ್ ಅಲ್ವಾ’ ಎಂಬ ಮಾತು ಬರುತ್ತದೆ. ನಮ್ಮ ಉತ್ತರವೂ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ: ‘ಹೊಸದು ಹಾಕ್ಸು, ದುಡ್ಡು ಕಳಿಸ್ತೀನಿ.’ ಆ ಸಂಜೆ ನನ್ನ ನಾಲಿಗೆ ತುದಿಗೂ ಅದೇ ಬಂದಿತ್ತು. ಆದರೆ ಫೋಟೊವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದಾಗ ಏನೋ ಹೊಂದುತ್ತಿಲ್ಲ ಅನಿಸಿತು. ಗೌರಿ ಹಬ್ಬಕ್ಕೆ ಹೇಗೂ ಊರಿಗೆ ಹೊರಡುವವನಿದ್ದೆ. ‘ನಾನು ಬರೋ ತನಕ ಏನೂ ತಗೋಬೇಡ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನೂ ಚೆಲ್ಲಬೇಡ’ ಅಂದೆ.

ಸ್ಕೂಟರ್ ಕಾಲದ ಲೆಕ್ಕ

ಊರಿಗೆ ಹೋದ ಬೆಳಿಗ್ಗೆ ಜಗುಲಿಯಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಕೂತಿದ್ದರು. ಸಿಲಿಂಡರ್ ಕೈಗೆತ್ತಿಕೊಂಡು, ‘ಇದಕ್ಕೆಲ್ಲ ತಲೆ ಕೆಡಿಸ್ಕೊಳೋದು ಎಂತಕ್ಕೆ? ಬೋರ್ ಮಾಡ್ಸಿ, ಓವರ್‌ಸೈಜ್ ಪಿಸ್ಟನ್ ಹಾಕಿದ್ರಾಯ್ತು’ ಅಂದರು.

ಅವರ ಮಾತು ಅವರ ಕಾಲಕ್ಕೆ ಸರಿ. ಟೂ-ಸ್ಟ್ರೋಕ್ ಸ್ಕೂಟರ್, ಆರ್‌ಎಕ್ಸ್ 100 ಓಡಿಸಿದ ತಲೆಮಾರಿಗೆ ಬೋರ್ ಮಾಡಿಸುವುದು ಗೊತ್ತಿರುವ ಕೆಲಸ. ಅವುಗಳ ಸಿಲಿಂಡರಿನ ಒಳಗೋಡೆ ಬೀಡು ಕಬ್ಬಿಣದ್ದು, ದಪ್ಪಗಿರುತ್ತಿತ್ತು. ಗೀರು ಬಿದ್ದರೆ ಲೇತಿನವನು ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಕೊರೆದು ನುಣುಪು ಮಾಡುತ್ತಿದ್ದ. ಅಷ್ಟೇ ದೊಡ್ಡದಾದ ಪಿಸ್ಟನ್ ಅಂಗಡಿಯಲ್ಲಿ ಸಿಗುತ್ತಿತ್ತು. ಒಂದೇ ಸಿಲಿಂಡರ್ ಎರಡು ಮೂರು ಸಲ ಬೋರ್ ಆಗಿ ಇಪ್ಪತ್ತು ವರ್ಷ ಓಡಿದ ಉದಾಹರಣೆ ಎಲ್ಲರ ಮನೆಯಲ್ಲೂ ಇತ್ತು.

ಇಂದಿನ ಒಳ್ಳೆಯ ಚೈನ್ ಸಾ ಸಿಲಿಂಡರ್ ಹಾಗಲ್ಲ. ಅದು ಪೂರ್ತಿ ಅಲ್ಯುಮಿನಿಯಂ. ತೂಕ ಕಡಿಮೆ ಇರಬೇಕು, ಬಿಸಿ ಬೇಗ ಹೊರಹೋಗಬೇಕು ಎಂಬುದಕ್ಕೆ ಹಾಗೆ. ಆದರೆ ಅಲ್ಯುಮಿನಿಯಂ ಪಿಸ್ಟನ್ ಬರಿಯ ಅಲ್ಯುಮಿನಿಯಂ ಗೋಡೆಗೆ ಉಜ್ಜಿದರೆ ಎರಡೂ ಅಂಟಿಕೊಳ್ಳುತ್ತವೆ. ಅದಕ್ಕಾಗಿ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಸೇರಿಸಿದ ಲೇಪನ ಕೊಡುತ್ತಾರೆ. ಸಿಲಿಕಾನ್ ಕಾರ್ಬೈಡ್ ಅಂದರೆ ಸಾಣೆಕಲ್ಲಿನಲ್ಲಿ ಬಳಸುವ ಗಟ್ಟಿ ವಸ್ತು. ಜರ್ಮನಿಯ ಮಾಲೆ ಕಂಪನಿ 1967ರಲ್ಲಿ ವಾಂಕೆಲ್ ಎಂಜಿನ್‌ಗಾಗಿ ಇಂಥ ಲೇಪನ ತಂದು ಅದಕ್ಕೆ ನಿಕಾಸಿಲ್ ಎಂದು ಹೆಸರಿಟ್ಟಿತು. ಈಗ ಅದರ ಬಗೆಬಗೆಯ ರೂಪಗಳಿವೆ. ಕೆಲವು ಸಿಲಿಂಡರ್‌ಗಳಿಗೆ ನಿಕ್ಕಲ್ ಬದಲು ಕ್ರೋಮ್ ಲೇಪನವೂ ಇರುತ್ತದೆ.

ಈ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ದಪ್ಪ ಇರುವುದಿಲ್ಲ. ಬೋರ್ ಮಾಡಲು ಹೋದರೆ ಮೊದಲ ಸುತ್ತಿಗೇ ಅದು ಮಾಯ. ಓವರ್‌ಸೈಜ್ ಪಿಸ್ಟನ್ ಸಿಗುವುದೂ ಇಲ್ಲ. ಹಾಗಾಗಿ ಇಲ್ಲಿ ‘ಎಷ್ಟು ಕೊರೆಯಬೇಕು’ ಎಂದು ಕೇಳಿ ಉಪಯೋಗವಿಲ್ಲ. ಆ ತೆಳು ಪದರ ಉಳಿದಿದೆಯೋ ಇಲ್ಲವೋ ಎಂಬುದೊಂದೇ ಲೆಕ್ಕ. ಉಳಿದಿದ್ದರೆ ಸಿಲಿಂಡರ್ ಬದುಕಿದೆ. ಹೋಗಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಇದನ್ನು ಹೇಳಿದಾಗ ಹಿರಿಯರು ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಬೂದುಬಣ್ಣದ ಪಟ್ಟೆಗಳು. ‘ಹೋಗಿದ್ಯೋ ಇದ್ಯೋ ಗೊತ್ತಾಗೋದು ಹೆಂಗೆ?’ ಅಂದರು. ನಾನು ಅಲ್ಲಿಂದ ಶುರು ಮಾಡಲಿಲ್ಲ.

ಮೊದಲ ಪ್ರಶ್ನೆ: ಯಾಕೆ ಸೀಜ್ ಆಯ್ತು?

ನಾನು ಕೆಲಸ ಮಾಡುವುದು ಗುಣಮಟ್ಟ ವಿಭಾಗದಲ್ಲಿ. ಅಲ್ಲಿ ನಮ್ಮ ಮುಂದೆ ಮೂರು ಬಣ್ಣದ ಕ್ರೇಟ್‌ಗಳಿರುತ್ತವೆ. ಸರಿಯಿದ್ದ ಬಿಡಿಭಾಗ ಹಸಿರಿಗೆ, ಸರಿಮಾಡಬಹುದಾದದ್ದು ಹಳದಿಗೆ, ಗುಜರಿಗೆ ಹೋಗುವುದು ಕೆಂಪಿಗೆ. ಡ್ರಾಯಿಂಗ್ ಇದೆ, ಅಳತೆ ಇದೆ, ಅಳತೆ ಮೀರಿದರೆ ಕೆಂಪು. ಕೈಯಿಂದ ದುಡ್ಡು ಹೋಗುವುದಿಲ್ಲವಾದ್ದರಿಂದ ಆ ನಿರ್ಧಾರ ಸುಲಭ. ಆದರೆ ಕೆಂಪು ಕ್ರೇಟ್ ತುಂಬುತ್ತಾ ಹೋದರೆ ಮೇಲಿನವರು ಕೇಳುವುದು ಒಂದೇ: ಯಾಕೆ? ಟೊಯೊಟಾ ಕಾರ್ಖಾನೆಗಳಿಂದ ಜಗತ್ತಿಗೆಲ್ಲ ಹಬ್ಬಿದ ಪದ್ಧತಿಯದು, ಮೂಲ ಸಿಗುವ ತನಕ ಐದು ಸಲವಾದರೂ ‘ಯಾಕೆ’ ಎಂದು ಕೇಳುವುದು. ಕಾರಣ ತಿಳಿಯದೆ ಭಾಗವನ್ನಷ್ಟೇ ಬದಲಿಸಿದರೆ ಹೊಸ ಭಾಗವೂ ಅದೇ ದಾರಿ ಹಿಡಿಯುತ್ತದೆ.

ಅಣ್ಣನ ಗರಗಸಕ್ಕೂ ಇದು ಅನ್ವಯಿಸುತ್ತದೆ. ಕಾರಣ ಹಾಗೆಯೇ ಉಳಿದಿದ್ದರೆ ಹೊಸ ಸೆಟ್ ಹಾಕಿದರೂ ಹದಿನೈದು ದಿನಕ್ಕೆ ಮತ್ತೆ ಸೀಜ್. ಅದು ಬರೀ ದುಡ್ಡಿನ ಮಾತಲ್ಲ. ಈ ಸಲ ಎಂಜಿನ್ ನಿಂತಿದ್ದು ಹೊಳೆ ಬದಿಯ ಅಕೇಶಿಯಾ ಮರದ ಬುಡವನ್ನು ಅರ್ಧ ಕೊಯ್ದಾಗ. ಬ್ಲೇಡು ಮರದೊಳಗೆ, ಮರ ಒಂದು ಕಡೆ ವಾಲಿಕೊಂಡಿದೆ, ಹಗ್ಗ ಹಿಡಿದು ನಿಂತವನು ಅವನ ಮಗ. ಆ ಅರ್ಧ ಗಂಟೆಯನ್ನು ಅಣ್ಣ ನನಗೆ ವಿವರಿಸಲಿಲ್ಲ. ಅತ್ತಿಗೆ ಹೇಳಿದರು. ಅಡುಗೆಮನೆಯಲ್ಲಿ ಇನ್ನೊಂದನ್ನೂ ಹೇಳಿದರು: ‘ಅವತ್ತಿಂದ ಅಪ್ಪ ಮಗ ಸರಿಯಾಗಿ ಮಾತಾಡಿಲ್ಲ.’

ಇಂಥ ಗರಗಸದ ಟೂ-ಸ್ಟ್ರೋಕ್ ಎಂಜಿನ್‌ಗೆ ಪ್ರತ್ಯೇಕ ಆಯಿಲ್ ಟ್ಯಾಂಕ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲೇ ಬೇರಿಂಗು, ಪಿಸ್ಟನ್ ಎಲ್ಲಕ್ಕೂ ಆಧಾರ. ಈ ಗರಗಸ ಪೂರ್ತಿ ರೇಸಿನಲ್ಲಿ ನಿಮಿಷಕ್ಕೆ 12,000 ಸುತ್ತು ದಾಟುತ್ತದೆ. ಅಂದರೆ ಸೆಕೆಂಡಿಗೆ 200 ಸುತ್ತು. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಾಗ ಸುಮಾರು 68 ಮಿಲಿಮೀಟರ್ ಚಲಿಸುತ್ತದೆ ಎಂದುಕೊಂಡರೆ, ಒಂದು ಸೆಕೆಂಡಿನಲ್ಲಿ ಹದಿಮೂರು ಮೀಟರಿಗೂ ಹೆಚ್ಚು ಉಜ್ಜಾಟ. ಗೋಡೆಗೂ ಪಿಸ್ಟನ್ನಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಂಥದ್ದು. 44 ಮಿಲಿಮೀಟರ್ ಅಗಲದ ಅಲ್ಯುಮಿನಿಯಂ ಪಿಸ್ಟನ್ ಇರಬೇಕಾದ್ದಕ್ಕಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ಹತ್ತನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಸಂದು ಮುಚ್ಚಿಹೋಗುತ್ತದೆ. ಆಮೇಲೆ ಲೋಹಕ್ಕೆ ಲೋಹ.

ಈ ಸ್ಥಿತಿ ಎರಡು ದಾರಿಯಲ್ಲಿ ಬರಬಹುದು. ಒಂದು, ಆಯಿಲ್ ಇಲ್ಲದ ಪೆಟ್ರೋಲ್. ಎರಡು, ಆಯಿಲ್ ಇದ್ದರೂ ಎಲ್ಲಿಂದಲೋ ಹೆಚ್ಚುವರಿ ಗಾಳಿ ಒಳಗೆ ನುಗ್ಗುವುದು. ಗಾಳಿ ಹೆಚ್ಚಾದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅದರೊಂದಿಗೆ ಬರುವ ಆಯಿಲ್ ಕೂಡ ಕಡಿಮೆಯಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ.

ಎರಡರ ಗುರುತು ಬೇರೆ ಬೇರೆ. ಆಯಿಲ್ಲೇ ಇಲ್ಲದಿದ್ದರೆ ಪಿಸ್ಟನ್ನಿನ ಸುತ್ತಲೂ ಗೀರು ಬೀಳುತ್ತದೆ, ಒಳಗಿನ ಬೇರಿಂಗ್ ಒಣಗಿರುತ್ತದೆ. ಹೆಚ್ಚುವರಿ ಗಾಳಿಯಿಂದಾದರೆ ಪೆಟ್ಟು ಮುಖ್ಯವಾಗಿ ಹೊಗೆ ಹೋಗುವ ಕಿಂಡಿಯ ಕಡೆ. ಏಕೆಂದರೆ ಪಿಸ್ಟನ್ನಿನ ಅತಿ ಬಿಸಿಯಾದ ಮಗ್ಗುಲು ಅದೇ. ಎದುರಿನ ಕಡೆಯನ್ನು ಹೊಸದಾಗಿ ಬರುವ ತಣ್ಣನೆಯ ಮಿಶ್ರಣ ತಂಪಾಗಿಡುತ್ತದೆ.

ಪುಣೆಯಲ್ಲಿ ಫೋಟೊ ನೋಡಿದಾಗ ನನಗೆ ಹೊಂದದೆ ಹೋದದ್ದು ಇದೇ. ಅಣ್ಣನ ಪಿಸ್ಟನ್ನಿನಲ್ಲಿ ಒಂದೇ ಮಗ್ಗುಲು ಹಾಳಾಗಿತ್ತು. ಹಿಂದಿನ ಮಗ್ಗುಲಲ್ಲಿ ಕಾರ್ಖಾನೆಯ ಲೇತಿನ ಸಣ್ಣ ಗೆರೆಗಳು ಹಾಗೇ ಇದ್ದವು. ಈಗ ಕ್ರ್ಯಾಂಕ್‌ಕೇಸಿನೊಳಗೆ ಬೆರಳಾಡಿಸಿದೆ. ಎಣ್ಣೆ ಜಿಡ್ಡು ಅಂಟಿತು. ಬೇರಿಂಗ್ ಸದ್ದಿಲ್ಲದೆ ತಿರುಗಿತು.

ಆಮೇಲೆ ಹುಡುಗನನ್ನು ಕರೆದು ಎರಡು ಬಿಳಿ ಕಾಗದ ತರಲು ಹೇಳಿದೆ. ಒಂದರ ಮೇಲೆ ಬೈಕಿನಿಂದ ತೆಗೆದ ಬರಿಯ ಪೆಟ್ರೋಲ್ ಒಂದು ಹನಿ, ಇನ್ನೊಂದರ ಮೇಲೆ ಗರಗಸದ ಟ್ಯಾಂಕಿನಲ್ಲಿ ಉಳಿದಿದ್ದರ ಒಂದು ಹನಿ. ಸ್ವಲ್ಪ ಹೊತ್ತು ಕಾದೆವು. ಮೊದಲ ಹನಿ ಆರಿ ಕಲೆ ಉಳಿಯಲಿಲ್ಲ. ಎರಡನೆಯದು ದೋಸೆ ಕಾವಲಿ ಒರೆಸಿದ ಕಾಗದದಂತೆ ಜಿಡ್ಡಿನ ಉಂಗುರ ಬಿಟ್ಟಿತು.

ಅಣ್ಣ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಹುಡುಗ ನನ್ನನ್ನು ನೋಡಿದ. ಇಬ್ಬರೂ ಮಾತಾಡಲಿಲ್ಲ.

‘ಸೀಜ್ ಆಗೋಕೆ ಮುಂಚೆ ಏನಾದ್ರೂ ವ್ಯತ್ಯಾಸ ಇತ್ತಾ?’ ಎಂದು ಕೇಳಿದೆ.

ಅಣ್ಣ ಯೋಚಿಸಿ ಹೇಳಿದ: ‘ಒಂದು ವಾರದಿಂದ ರೇಸ್ ಬಿಟ್ರೂ ಸದ್ದು ಇಳೀತಿರ್‍ಲಿಲ್ಲ. ಚೈನ್ ತಿರುಗ್ತಾನೇ ಇರ್ತಿತ್ತು. ಕಾರ್ಬೊರೇಟರ್ ಸ್ಕ್ರೂ ನಾನೇ ಸ್ವಲ್ಪ ತಿರುಗಿಸಿ ಸರಿಮಾಡಿದ್ದೆ.’

ರೇಸ್ ಬಿಟ್ಟರೂ ಎಂಜಿನ್ ಕೂಗುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಮೊದಲು ಅನುಮಾನಪಡಬೇಕು. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವೆ ಒಂದು ಗಿಡ್ಡ ರಬ್ಬರ್ ಕೊಳವೆ ಇರುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದಾಗ ಚೆನ್ನಾಗಿಯೇ ಕಂಡಿತು. ಎರಡೂ ತುದಿ ಹಿಡಿದು ಬಗ್ಗಿಸಿದೆ. ಮಡಿಕೆಯ ಒಳಗೆ ಉಗುರಿನುದ್ದದ ಬಿರುಕು ಬಾಯಿ ತೆರೆಯಿತು. ಬಿಸಿ, ಅದುರಾಟ, ವಯಸ್ಸು ಮೂರೂ ಸೇರಿ ರಬ್ಬರ್ ಸೋತಿತ್ತು. ಸ್ಕ್ರೂ ತಿರುಗಿಸಿ ಸದ್ದು ಇಳಿಸಿದ್ದರಿಂದ ರೋಗದ ಲಕ್ಷಣ ಮುಚ್ಚಿಹೋಗಿತ್ತು, ರೋಗ ಹಾಗೇ ಇತ್ತು.

ಜಗುಲಿಯ ಮೇಲಿನ ಪರೀಕ್ಷೆ

ಕಾರಣ ಸಿಕ್ಕಿದ ಮೇಲೆ ಸಿಲಿಂಡರಿನ ಸರದಿ. ಸೀಜ್ ಆದ ಸಿಲಿಂಡರಿನಲ್ಲಿ ಕಾಣುವ ಪಟ್ಟೆಗಳು ಎರಡು ಬಗೆ. ಒಂದು, ಗೋಡೆಯೇ ಕೆರೆದುಹೋದ ತಗ್ಗು. ಇನ್ನೊಂದು, ಮೆತ್ತನೆಯ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡ ಉಬ್ಬು. ಕಣ್ಣಿಗೆ ಎರಡೂ ಒಂದೇ ಥರ. ಎಷ್ಟೋ ಒಳ್ಳೆಯ ಸಿಲಿಂಡರ್ ಗುಜರಿಗೆ ಹೋಗುವುದು ಈ ವ್ಯತ್ಯಾಸ ನೋಡದೆ ಇರುವುದರಿಂದ. ಗೋಡೆಯ ಲೇಪನ ಪಿಸ್ಟನ್ನಿಗಿಂತ ಬಹಳ ಗಟ್ಟಿ. ಆದ್ದರಿಂದ ಎಷ್ಟೋ ಸಲ ಸತ್ತಿರುವುದು ಪಿಸ್ಟನ್, ಸಿಲಿಂಡರ್ ಅದರ ಕೊಳೆ ಹೊತ್ತು ನಿಂತಿರುತ್ತದೆ.

ಮೆತ್ತಿದ ಅಲ್ಯುಮಿನಿಯಂ ತೆಗೆಯಲು ಕಾಸ್ಟಿಕ್ ಸೋಡಾ ಸಾಕು. ಅತ್ತಿಗೆ ಕೊಬ್ಬರಿ ಎಣ್ಣೆಯಿಂದ ಮನೆಯಲ್ಲೇ ಸೋಪು ಮಾಡುತ್ತಾರೆ. ಅದಕ್ಕೆ ತಂದಿಟ್ಟ ಡಬ್ಬಿ ಇತ್ತು. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ, ನಿಕ್ಕಲ್ ಅನ್ನು ಮುಟ್ಟುವುದಿಲ್ಲ. ಕೆಲವರು ಕಕ್ಕಸು ತೊಳೆಯುವ ಆ್ಯಸಿಡ್ ಬಳಸುತ್ತಾರೆ. ಲೇಪನ ಕ್ರೋಮ್‌ನದಾಗಿದ್ದರೆ ಆ ಆ್ಯಸಿಡ್ ಅದನ್ನೂ ತಿಂದುಬಿಡುತ್ತದೆ, ಅದಕ್ಕೆ ನಾನು ಬೇಡ ಅಂದೆ.

ಮನೆಯಲ್ಲಿ ಮಾಡುವವರಿಗೆ ಎಚ್ಚರಿಕೆಯ ಮಾತು. ಕಣ್ಣಿಗೆ ಮುಚ್ಚುಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬಾರದು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹೊಯ್ಯಬಾರದು, ಕುದಿದು ಮುಖಕ್ಕೆ ಚಿಮ್ಮುತ್ತದೆ. ಅಲ್ಯುಮಿನಿಯಂ ಜೊತೆ ಸೇರಿದಾಗ ಹೈಡ್ರೋಜನ್ ಅನಿಲ ಬರುತ್ತದೆ. ಅದಕ್ಕೇ ಬಯಲಿನಲ್ಲಿ ಮಾಡಬೇಕು, ಹತ್ತಿರ ಬೆಂಕಿ, ಬೀಡಿ ಇರಬಾರದು. ಸಿಲಿಂಡರನ್ನು ದ್ರಾವಣದಲ್ಲಿ ಮುಳುಗಿಸಲೇಬಾರದು. ಹೊರಮೈ, ಕಿಂಡಿಯ ಒಳದಾರಿ ಎಲ್ಲ ಬರಿಯ ಅಲ್ಯುಮಿನಿಯಂ, ಪೂರ್ತಿ ಹಾಳಾಗುತ್ತದೆ.

ಹುಡುಗ ಕಡ್ಡಿಗೆ ಹತ್ತಿ ಸುತ್ತಿಕೊಟ್ಟ. ಅದನ್ನು ದ್ರಾವಣದಲ್ಲಿ ಅದ್ದಿ ಬೂದು ಪಟ್ಟೆಯ ಮೇಲೆ ಮಾತ್ರ ಒತ್ತಿದೆ. ಸಣ್ಣ ನೊರೆ ಎದ್ದಿತು. ಒಂದು ನಿಮಿಷ ಬಿಟ್ಟು ಒರೆಸಿ, ನೀರಿನಲ್ಲಿ ತೊಳೆದು, ಮತ್ತೆ ಹಚ್ಚಿದೆ. ಹೀಗೆ ಎಂಟು ಹತ್ತು ಸಲ. ಈ ಪರೀಕ್ಷೆಯ ಗುಟ್ಟು ನೊರೆಯಲ್ಲಿದೆ. ಮೆತ್ತಿದ ಅಲ್ಯುಮಿನಿಯಂ ಮುಗಿದು ಕೆಳಗೆ ಲೇಪನ ಗಟ್ಟಿಯಾಗಿದ್ದರೆ ನೊರೆ ನಿಲ್ಲುತ್ತದೆ. ನಿಲ್ಲದೆ ಒಂದೇ ಜಾಗದಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಅಲ್ಲಿ ಲೇಪನ ತೂತಾಗಿದೆ, ದ್ರಾವಣ ಸಿಲಿಂಡರಿನ ಮೈಯನ್ನೇ ತಿನ್ನುತ್ತಿದೆ ಎಂದರ್ಥ. ತಕ್ಷಣ ತೊಳೆದು ನಿಲ್ಲಿಸಬೇಕು.

ಅಣ್ಣನ ಸಿಲಿಂಡರಿನಲ್ಲಿ ನೊರೆ ನಿಂತಿತು. ಚೆನ್ನಾಗಿ ತೊಳೆದು ಒಣಗಿಸಿ, ನಯವಾದ ಸ್ಕ್ರಬ್ಬರ್ ತುಂಡಿನಿಂದ ಕೈಯಲ್ಲೇ ಓರೆಯಾಗಿ ಉಜ್ಜಿದೆ. ಟಾರ್ಚ್ ಹಾಕಿ ನೋಡಿದಾಗ ಪಟ್ಟೆಗಳ ಜಾಗದಲ್ಲಿ ಮಸುಕಾದ ನೆರಳು ಮಾತ್ರ ಉಳಿದಿತ್ತು. ಕಣ್ಣು ಮುಚ್ಚಿ ಉಗುರನ್ನು ಅಡ್ಡಡ್ಡ ಎಳೆದೆ. ಹೊಗೆ ಕಿಂಡಿಯ ಕೆಳಗೆ ಒಂದು ಕಡೆ ಬಹಳ ಸಣ್ಣಗೆ ತಡೆಯಿತು. ಕಿಂಡಿಯ ಮೇಲ್ಭಾಗದಲ್ಲಿ ಎಲ್ಲೂ ತಡೆಯಲಿಲ್ಲ.

ಜಾಗ ಯಾವುದು ಎಂಬುದೂ ಮುಖ್ಯ. ಪಿಸ್ಟನ್ ರಿಂಗ್ ಒತ್ತಡವನ್ನು ಹಿಡಿದಿಡುವುದು ಕಿಂಡಿಯ ಮೇಲಿನ ಗೋಡೆಯಲ್ಲಿ. ಅಲ್ಲಿ ಗೀರಿದ್ದರೆ ಒತ್ತಡ ಸೋರಿ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಕಿಂಡಿಯ ಕೆಳಗಿನ ಸಣ್ಣ ಗೀರನ್ನು ಸಹಿಸಬಹುದು. ಆದರೆ ಕಿಂಡಿಯ ಅಂಚಿನಲ್ಲಿ ಲೇಪನ ಚಕ್ಕೆ ಎದ್ದಿದ್ದರೆ ಮಾತ್ರ ಮಾತೇ ಇಲ್ಲ. ಸೆಕೆಂಡಿಗೆ ನೂರಾರು ಸಲ ಆ ಅಂಚನ್ನು ದಾಟುವ ರಿಂಗ್ ಒಂದು ದಿನ ಅಲ್ಲಿ ಸಿಕ್ಕಿ ಮುರಿಯುತ್ತದೆ. ಅಣ್ಣನದರಲ್ಲಿ ಅಂಚು ಸುತ್ತಲೂ ಸರಿಯಿತ್ತು.

ಪಕ್ಕದ ಮನೆಯ ಸಿಲಿಂಡರ್

ಸುದ್ದಿ ಹಬ್ಬಿತು. ಮಧ್ಯಾಹ್ನ ಊಟ ಮುಗಿಸುವಷ್ಟರಲ್ಲಿ ಬೆಳಗಿನ ಹಿರಿಯರ ಮಗ ತನ್ನ ಕಳೆ ಕೊಚ್ಚುವ ಮಿಷನ್ನಿನ ಸಿಲಿಂಡರ್ ಹಿಡಿದು ಬಂದ. ‘ನಂದು ನಿಮ್ಮಣ್ಣಂದಕ್ಕಿಂತ ಚೆನ್ನಾಗಿದೆ, ನೋಡಿ’ ಅಂದ. ನಿಜಕ್ಕೂ ನೋಡಲು ಚೆನ್ನಾಗಿತ್ತು. ಉದ್ದ ಪಟ್ಟೆಗಳಿರಲಿಲ್ಲ. ಆದರೆ ಹೊಗೆ ಕಿಂಡಿಯ ಮೇಲಂಚಿನಲ್ಲಿ ಎಳ್ಳುಕಾಳಿನಷ್ಟು ಜಾಗದ ಬಣ್ಣ ಬೇರೆಯಿತ್ತು. ದ್ರಾವಣ ಮುಟ್ಟಿಸಿದೆ. ಗುಳ್ಳೆ ನಿಲ್ಲಲಿಲ್ಲ. ತೊಳೆದು ಮತ್ತೆ ಮುಟ್ಟಿಸಿದೆ, ಮತ್ತೆ ಗುಳ್ಳೆ.

ಅವನ ಪಿಸ್ಟನ್ನನ್ನೂ ನೋಡಿದೆ. ಗಾಳಿ ಬರುವ ಕಡೆಯ ಮಗ್ಗುಲು ಮರಳುಕಾಗದದಲ್ಲಿ ಉಜ್ಜಿದ ಹಾಗೆ ಮಂಕಾಗಿ ಸವೆದಿತ್ತು. ಏರ್ ಫಿಲ್ಟರ್ ಹರಿದು ಎಷ್ಟು ದಿನವಾಯಿತು ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಬೇಸಿಗೆಯಲ್ಲಿ ಒಣ ಹುಲ್ಲು ಕೊಚ್ಚುವಾಗ ಎದ್ದ ಧೂಳೆಲ್ಲ ಎಂಜಿನ್ ಸೇರಿತ್ತು.

‘ಇದು ಆಗಲ್ಲ’ ಅಂದೆ.

‘ನಿಮ್ಮಣ್ಣಂದು ಉಳೀತು, ನಂದು ಯಾಕೆ ಹೋಗ್ಬೇಕು?’ ಎಂದ. ನಗುತ್ತಲೇ ಕೇಳಿದರೂ ಒಳಗೆ ಬೇಸರವಿತ್ತು. ಕಾರ್ಖಾನೆಯಲ್ಲಿ ಕೆಂಪು ಕ್ರೇಟಿಗೆ ಸಾವಿರ ಭಾಗ ಹಾಕಿದ್ದೇನೆ. ಎದುರಿಗೆ ಕೂತವನ ಮುಖ ನೋಡಿ ಹಾಗೆ ಹೇಳುವುದು ಬೇರೆಯೇ ಕೆಲಸ. ಅವನಿಗೆ ಎಳ್ಳುಕಾಳಿನಷ್ಟರ ಆ ಜಾಗ ತೋರಿಸಿ, ಹೊಸ ರಿಂಗ್ ಹಾಕಿದರೂ ಅದು ಅಲ್ಲಿ ಹೇಗೆ ಸಿಕ್ಕಿಕೊಳ್ಳುತ್ತದೆ ಎಂದು ವಿವರಿಸಿದೆ. ಹೊಸ ಸಿಲಿಂಡರ್ ತಂದರೆ ಅದಕ್ಕೂ ಮೊದಲು ಹೊಸ ಫಿಲ್ಟರ್ ತರಬೇಕು ಅಂದೆ. ಬೆಲೆ ಕಡಿಮೆಯ ಸೆಟ್ ತಂದರೂ ತರಲಿ, ಆದರೆ ಅಂಗಡಿಯಲ್ಲೇ ಕಿಂಡಿಗಳ ಅಂಚನ್ನು ಬೆರಳಿನಿಂದ ಸವರಿ ನೋಡಲಿ. ಚೂಪಾಗಿದ್ದರೆ, ಲೇಪನ ಒರಟಾಗಿದ್ದರೆ ವಾಪಸ್ ಕೊಡಲಿ ಎಂದೂ ಹೇಳಿದೆ.

ಅಜ್ಜಿಯ ಬಿ.ಪಿ. ಬಲ್ಬು

ಹಬ್ಬದ ಮಾರನೇ ದಿನ ನಾನೂ ಹುಡುಗನೂ ಶಿವಮೊಗ್ಗಕ್ಕೆ ಹೋಗಿ ಬಂದೆವು. ತಂದದ್ದು ಹೊಸ ಪಿಸ್ಟನ್, ರಿಂಗ್, ರಬ್ಬರ್ ಕೊಳವೆ, ಸಿಲಿಂಡರಿನ ಗ್ಯಾಸ್ಕೆಟ್, ಟ್ಯಾಂಕಿನೊಳಗಿನ ಫಿಲ್ಟರ್. ಒಟ್ಟು ಖರ್ಚು ಹೊಸ ಸೆಟ್ಟಿನ ಮೂರನೇ ಒಂದು ಭಾಗವೂ ಆಗಲಿಲ್ಲ. ಹಳೆಯ ಪಿಸ್ಟನ್ನನ್ನು ಉಜ್ಜಿ ಹಾಕುವ ಮಾತು ಬೇಡವೇ ಬೇಡ ಎಂದು ಮೊದಲೇ ಹೇಳಿದ್ದೆ. ಅದರ ಅಳತೆ ಹೋಗಿದೆ, ರಿಂಗ್ ಕೂರುವ ಜಾಡಿನಲ್ಲಿ ಕರಗಿದ ಲೋಹ ಸಿಕ್ಕಿಕೊಂಡಿದೆ.

ಜೋಡಿಸುವ ಮೊದಲು ಹೊಸ ರಿಂಗನ್ನು ಒಂಟಿಯಾಗಿ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರ ತಳ್ಳಿ, ಎರಡು ಮೂರು ಎತ್ತರಗಳಲ್ಲಿ ಅದರ ಬಾಯಿಯ ಸಂದು ನೋಡಿದೆವು. ಎಲ್ಲ ಕಡೆ ಒಂದೇ ಇತ್ತು. ಅಂದರೆ ಗೋಡೆ ಎಲ್ಲೂ ಅಗಲವಾಗಿಲ್ಲ. ಕ್ರ್ಯಾಂಕ್‌ಕೇಸಿಗೆ ಬಿದ್ದಿರಬಹುದಾದ ಲೋಹದ ಚೂರುಗಳನ್ನು ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿ ಮೂರು ಸಲ ಹೊರಗೆ ಚೆಲ್ಲಿದೆವು.

ಉಳಿದದ್ದು ಒಂದು ಅನುಮಾನ. ಬಿರುಕು ಬಿಟ್ಟ ರಬ್ಬರ್ ಒಂದೇ ಕಾರಣವೋ, ಕ್ರ್ಯಾಂಕಿನ ಎರಡು ಕಡೆಯ ಸೀಲುಗಳೂ ಗಾಳಿ ಬಿಡುತ್ತಿವೆಯೋ? ಇದಕ್ಕೆ ಸರ್ವಿಸ್ ಸೆಂಟರಿನಲ್ಲಿ ಒತ್ತಡ ಪರೀಕ್ಷೆಯ ಪಂಪ್ ಇರುತ್ತದೆ. ನಮ್ಮಲ್ಲಿದ್ದದ್ದು ತೀರಿಹೋದ ಅಜ್ಜಿಯ ಬಿ.ಪಿ. ನೋಡುವ ಉಪಕರಣ. ಅದರ ಪಟ್ಟಿ ತೆಗೆದು, ಬಲ್ಬು ಮತ್ತು ಗಡಿಯಾರದಂಥ ಮೀಟರ್ ಉಳಿಸಿಕೊಂಡೆವು. ಹೊಗೆ ಕಿಂಡಿಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟು ಸೈಲೆನ್ಸರ್ ಬಿಗಿದು ಮುಚ್ಚಿ, ಪ್ಲಗ್ ಹಾಕಿ, ರಬ್ಬರ್ ಕೊಳವೆಯ ಬಾಯಿಂದ ಗಾಳಿ ಒತ್ತಿದೆವು. ಮುಳ್ಳು 200ರಲ್ಲಿ ನಿಂತಿತು. ಸೀಲುಗಳ ಸುತ್ತ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರಲಿಲ್ಲ. ಸೀಲುಗಳು ಸರಿಯಿದ್ದವು.

ಕೊನೆಗೆ ಸ್ಟಾರ್ಟರ್ ಹಗ್ಗ ಎಳೆದಾಗ ಕೈಗೆ ಬಿಗಿ ಸಿಕ್ಕಿತು. ಮರುದಿನ ಪಟ್ಟಣದ ಮೆಕ್ಯಾನಿಕ್ ಬಳಿ ಗೇಜ್ ಹಾಕಿಸಿದಾಗ ಒತ್ತಡ 150 ಪಿಎಸ್‌ಐ ಆಸುಪಾಸಿನಲ್ಲಿತ್ತು. ಈ ಅಳತೆಯ ಆರೋಗ್ಯವಂತ ಗರಗಸಕ್ಕೆ ಅದು ಸಾಕು. ಅವನು ಸಿಲಿಂಡರ್ ಹೋಗಿದೆ ಎಂದಿದ್ದವನೇ. ಸ್ವಲ್ಪವೂ ಮುಜುಗರಪಡದೆ, ‘ಯಾವ ಸೋಡಾ ಹಾಕಿದ್ರಿ?’ ಎಂದು ಕೇಳಿ ಬರೆದುಕೊಂಡ. ಕಾರ್ಬೊರೇಟರನ್ನು ಅವನೇ ಸರಿಯಾಗಿ ಹೊಂದಿಸಿಕೊಟ್ಟ. ಮೊದಲ ಎರಡು ಮೂರು ಟ್ಯಾಂಕ್ ಪೂರ್ತಿ ರೇಸಿನಲ್ಲಿ ಬಹಳ ಹೊತ್ತು ಓಡಿಸಬಾರದು, ನಡುನಡುವೆ ಬಿಡುವು ಕೊಡಬೇಕು ಎಂದ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಹಲವು ಮಿಷನ್‌ಗಳ ಕೈಪಿಡಿಯಲ್ಲಿ ಕಂಪನಿ ಹೇಳಿದ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿಲೀಟರ್. ಬೇರೆ ಟೂ-ಸ್ಟ್ರೋಕ್ ಆಯಿಲ್ ಆದರೆ 25ಕ್ಕೆ 1, ಅಂದರೆ 40 ಮಿಲಿಲೀಟರ್ ಎಂದಿರುತ್ತದೆ. ನಿಮ್ಮ ಕೈಪಿಡಿಯಲ್ಲಿ ಇರುವುದನ್ನೇ ಪಾಲಿಸಿ. ಈಗ ಬಂಕಿನ ಪೆಟ್ರೋಲಿನಲ್ಲಿ 20 ಶೇಕಡದವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಅದೂ ಎಥೆನಾಲೂ ಬೇರ್ಪಟ್ಟು ಕೆಳಗೆ ಕೂರುತ್ತವೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಬಿದ್ದಿರುವುದು ತಳದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳ ಸಡಿಲ ಬಿಡುವುದು, ತಿಂಗಳುಗಟ್ಟಲೆ ಹಳೆಯ ಮಿಶ್ರಣ ಬಳಸುವುದು ಬೇಡ.

ನಾನು ಪುಣೆಗೆ ಹೊರಡುವ ದಿನ ಅಂಗಳದಲ್ಲಿ ಮಿಷನ್ ಮೊದಲ ಸಲ ಓಡಿತು. ಅದಕ್ಕೆ ಮುಂಚೆ ಅಣ್ಣ ಖಾಲಿ ಕ್ಯಾನು, ಆಯಿಲ್ ಬಾಟಲಿ, ಅಳತೆಯ ಲೋಟ ತಂದು ಮಗನ ಮುಂದಿಟ್ಟ. ‘ನೀನೇ ಬೆರೆಸು’ ಎಂದ. ತಪ್ಪಾಯ್ತು ಎಂಬ ಮಾತು ಅವನ ಬಾಯಿಂದ ಬರುವಂಥದ್ದಲ್ಲ. ಹುಡುಗ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಆಯಿಲ್ ಅಳೆದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಆ ಸಂಜೆ ಬಸ್ಸಿನಲ್ಲೇ ದುಡ್ಡು ಕಳಿಸಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ಹೊಳೆಯುವ ಹೊಸ ಸಿಲಿಂಡರ್ ಬರುತ್ತಿತ್ತು. ಬಿರುಕು ಬಿಟ್ಟ ರಬ್ಬರ್ ಹಾಗೇ ಇರುತ್ತಿತ್ತು. ಎರಡನೇ ಸಲ ಸೀಜ್ ಆದಾಗಲೂ ಬೈಗುಳ ಹುಡುಗನಿಗೇ ಬೀಳುತ್ತಿತ್ತು.

ಮೊನ್ನೆ ದೀಪಾವಳಿಗೆ ಫೋನ್ ಮಾಡಿದಾಗ ಮಿಷನ್ ಹೇಗಿದೆ ಎಂದು ಕೇಳಿದೆ. ‘ಇನ್ನೂ ನಡೀತಿದೆ’ ಎಂದ ಅಣ್ಣ. ‘ರೇಸ್ ಬಿಟ್ರೆ ಸದ್ದು ಇಳೀತದಾ?’ ಎಂದೆ. ಅವನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಹುಡುಗನ ದನಿ ಕೇಳಿತು: ‘ಇಳೀತದೆ ಚಿಕ್ಕಪ್ಪ, ದಿನಾ ನೋಡ್ತೀನಿ.’

(ಲೇಖಕರು ಪುಣೆಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಎಂಜಿನಿಯರ್)